ನಮ್ಮ ಮನೆಯ ಕೊನೆಯ ಕುದುರೆ

ನನ್ನ ಗಂಟಲಿನಿಂದ ಈವರೆಗೆ ಹೊರಟ ಶಬ್ದಗಳಲ್ಲಿ ಮನೆಮಂದಿಯೆಲ್ಲ ಎದ್ದು ನಿಂತು ಮರ್ಯಾದೆ ಕೊಟ್ಟಿದ್ದು ಒಂದಕ್ಕೇ. ಅದು ಕುದುರೆಯ ಕೆನೆತ. ಮಿಕ್ಕಿದ್ದಕ್ಕೆಲ್ಲ ಸಿಕ್ಕಿದ್ದು ಬೈಗುಳ, ಇಲ್ಲವೇ ಚಪ್ಪಾಳೆ. ನನ್ನಂಥವನ ಬದುಕಿನಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ.

ಮೊನ್ನೆ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಸಕ್ಕರೆ ಹುಡುಕುತ್ತಿದ್ದಾಗ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಕೈಗೆ ಬಂತು. ಅಲ್ಲಾಡಿಸಿದರೆ ಗಲಗಲ ಎಂದಿತು. ಒಳಗೆ ತಳದಲ್ಲಿ ಒಂದೆರಡು ಹಿಡಿ ಹುರುಳಿ, ನುಸಿ ಬಾರದಿರಲೆಂದು ಹಾಕಿದ ಒಣಗಿದ ಬೇವಿನೆಲೆ. ಆಜಿಯ, ಅಂದರೆ ಅಪ್ಪನ ಅಮ್ಮನ, ಡಬ್ಬಿ. ಸಕ್ಕರೆ ಮರೆತುಹೋಯಿತು. ಕಾಫಿ ಹಾಗೇ ಕುಡಿದೆ. ನಿಮಗೆ ಆ ಹುರುಳಿಯ ಕತೆ ಹೇಳದಿದ್ದರೆ ನನಗೆ ಇವತ್ತೂ ಸಕ್ಕರೆ ಸಿಗುವ ಹಾಗಿಲ್ಲ.

ನಮ್ಮದು ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗೆ ಅಂಟಿಕೊಂಡ ಊರು. ಕಂಪನಿಗಳ ಗಾಜಿನ ಮುಖ ಹೊಸೂರು ರಸ್ತೆಯ ಕಡೆಗಿದೆ. ಅವುಗಳ ಜನರೇಟರ್ ಹೊಗೆ, ಚರಂಡಿ, ಸಿಗರೇಟು ಸೇದುವವರ ಗುಂಪು ನಮ್ಮ ಕಡೆಗಿದೆ. ಊರಿನಲ್ಲಿ ಉಳಿದವರೆಲ್ಲ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ನಮ್ಮ ಮನೆಯ ಮೇಲೆ ಮೂರು ಮಹಡಿ ತುಂಬಾ ಕಂಪನಿ ಹುಡುಗರು, ಹಿತ್ತಿಲಲ್ಲಿ ಶೀಟಿನ ರೂಮುಗಳ ಸಾಲು, ನಡುವೆ ನೆಲಮಹಡಿಯಲ್ಲಿ ನಾವು. ಮನೆಮಾತು ಮರಾಠಿ. ಮರಾಠಿ ಎಂದು ನಾವು ಹೇಳುತ್ತೇವೆ ಅಷ್ಟೆ. ಅದರ ಬಗ್ಗೆ ಆಮೇಲೆ.

ಆಯುಧಪೂಜೆಯ ಸಂಜೆ ನಮ್ಮಲ್ಲಿ ಒಂದು ಪದ್ಧತಿ. ಬೇರೆಯವರು ಗಾಡಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದು ಮುಗಿಸಿದ ಮೇಲೆ ನಮ್ಮದು ಶುರು. ಬೆಳಗ್ಗೆಯೇ ನೆನೆಹಾಕಿದ ಹುರುಳಿಗೆ ಬೆಲ್ಲ ಬೆರೆಸಿ ತಟ್ಟೆಯಲ್ಲಿ ಹೊಸ್ತಿಲ ಒಳಗೆ ಇಡುತ್ತಾರೆ. ಮನೆಯ ಅತಿ ಚಿಕ್ಕ ಗಂಡುಮಗು ಹೊರಗೆ ಹೋಗಬೇಕು. ಬಾಗಿಲು ಮುಚ್ಚಬೇಕು. ಹೊರಗೆ ನಿಂತವನು ಕುದುರೆಯ ಹಾಗೆ ಕೆನೆಯಬೇಕು. ಆಗ ಒಳಗಿನಿಂದ ಮನೆಯ ಹಿರಿ ಹೆಂಗಸು “ಆಲಾಸ್ ಕಾ?” ಎಂದು ಕೇಳಬೇಕು. ಬಂದೆಯಾ ಅಂತ. ಬಾಗಿಲು ತೆಗೆದು, ಕಾಲಿಗೆ ನೀರು ಹುಯ್ದು, ಒಳಗೆ ಕರೆದುಕೊಂಡ ಮೇಲೆ ಆ ಮಗು ಕೈ ಹಚ್ಚದೆ ತಟ್ಟೆಗೆ ಬಾಯಿ ಹಾಕಿ ಹುರುಳಿ ತಿನ್ನಬೇಕು.

ಇದೆಲ್ಲ ಯಾಕೆಂದರೆ, ನಮ್ಮ ಮೂಲದವನು ಯಾವುದೋ ದಂಡಿನ ಜೊತೆ ಬಡಗಣ ದಿಕ್ಕಿನಿಂದ ಬಂದವನಂತೆ. ಯಾವ ದಂಡು, ಯಾರ ಮೇಲೆ ಏರಿ ಹೋಗುತ್ತಿತ್ತು, ಗೆದ್ದಿತೋ ಸೋತಿತೋ, ಆಜಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟು: ಇಲ್ಲಿಗೆ ಬರುವ ಹೊತ್ತಿಗೆ ಒಂದು ಕುದುರೆಯ ಕಾಲು ಕುಂಟಾಯಿತು. ಮುಂದಾಳು ನಮ್ಮವನನ್ನು ಕರೆದು, “ಇದನ್ನ ನೋಡ್ಕೊಂಡು ಇಲ್ಲೇ ಇರು, ತಿರುಗಿ ಬರುವಾಗ ಕರಕೊಂಡು ಹೋಗ್ತೀವಿ” ಎಂದು ಹೇಳಿ ಹೋದ. ದಂಡು ಹೋಯಿತು. ಕುದುರೆ ಸತ್ತಿತು. ನಮ್ಮವನು ಇಲ್ಲೇ ಒಬ್ಬಳನ್ನು ಮದುವೆಯಾದ, ಮಕ್ಕಳಾದವು. ಆದರೂ ಹೇಳಿದ ಮಾತಿದೆಯಲ್ಲ. ದಂಡು ತಿರುಗಿ ಬಂದಾಗ ಯಾವ ಮನೆಯೆಂದು ಗುರುತು ಸಿಗಬೇಡವೇ? ಕೆನೆತ ಕೇಳಿದರೆ ಸಿಗುತ್ತದೆ. ಅದಕ್ಕೇ ಇನ್ನೂರೋ ಮುನ್ನೂರೋ ವರ್ಷದಿಂದ ನಾವು ಇಲ್ಲದ ಕುದುರೆಯ ಪರವಾಗಿ ಕೆನೆಯುತ್ತಿದ್ದೇವೆ.

“ಒಂದ್ ವರ್ಷ ತಪ್ಪಿಸಿದ್ರೂ ಅವರು ನಮ್ಮನೆ ದಾಟ್ಕೊಂಡು ಮುಂದಕ್ಕೆ ಹೊಂಟೋಗ್ತಾರೆ” ಎನ್ನುತ್ತಿದ್ದಳು ಆಜಿ. ಅದನ್ನು ಹೇಳುವಾಗ ಅವಳ ಕಣ್ಣು ಬೀದಿಯ ಕಡೆಗಿರುತ್ತಿತ್ತು. ಬೀದಿಯಲ್ಲಿ ನೀರಿನ ಟ್ಯಾಂಕರ್ ಹೋಗುತ್ತಿರುತ್ತಿತ್ತು.

ನನ್ನ ಕಾಕಾನ ಕತೆಯೇ ಬೇರೆ. ಕಾಕಾ ಎಂದರೆ ಅಪ್ಪನ ತಮ್ಮ. ಬೊಮ್ಮನಹಳ್ಳಿಯಲ್ಲಿ ಸೈಟು ವ್ಯಾಪಾರ. ನಾನು ಚಿಕ್ಕವನಿದ್ದಾಗ ಅವನ ಬಾಯಲ್ಲೂ ನಮ್ಮ ಮೂಲಪುರುಷ ಕುದುರೆಯ ಮೈ ತಿಕ್ಕುವವನೇ ಆಗಿದ್ದ. ನಮ್ಮ ಕಡೆ ಜಮೀನಿನ ರೇಟು ಏರತೊಡಗಿದಂತೆ ಆ ಮೂಲಪುರುಷನಿಗೂ ಬಡ್ತಿ ಸಿಗುತ್ತ ಬಂತು. ಮೊದಲ ಲೇಔಟ್ ಆದಾಗ ಸವಾರನಾದ. ಮೇಲ್ಸೇತುವೆ ಬಂದಾಗ ಕತ್ತಿ ಹಿಡಿದ. ಮೆಟ್ರೋ ಕಂಬ ಎದ್ದ ವರ್ಷ ನೇರವಾಗಿ ಸೇನಾಪತಿ. ಈಗ ಕಾಕಾನ ಕಾರಿನ ಹಿಂಬದಿ ಗಾಜಿನ ಮೇಲೆ ಮುಂಗಾಲೆತ್ತಿದ ಕುದುರೆ, ಮೇಲೊಬ್ಬ ಮೀಸೆಯ ವೀರ.

ಆಜಿ ಅದನ್ನು ಮೊದಲ ಸಲ ನೋಡಿದಾಗ ಗಾಜಿನ ಹತ್ತಿರ ಹೋಗಿ ಬಗ್ಗಿದಳು. ಆಮೇಲೆ ಕೇಳಿದಳು, “ಇವನ್ಯಾರೋ?”

“ನಮ್ಮ ಮೂಲಪುರುಷ ಕಣಮ್ಮ!”

“ನಮ್ಮೋನು ಇವನ ಹಿಂದೆ ಇರ್ತಾನೆ ನೋಡು. ಲದ್ದಿ ಎತ್ತಕ್ಕೆ ಬಗ್ಗಿರ್ತಾನೆ, ಚಿತ್ರದಾಗೆ ಬಂದಿಲ್ಲ.”

ನಾನು ಆರೇಳು ವರ್ಷದವನಿದ್ದಾಗ ಮನೆಯ ಕುದುರೆಯಾಗಿ ನೇಮಕಗೊಂಡೆ. ಕುದುರೆಯನ್ನು ನೋಡಿದವನೇ ಅಲ್ಲ. ಆನೇಕಲ್ ಸಂತೆಗೆ ಅಪ್ಪನ ಜೊತೆ ಹೋದಾಗ ಜಟಕಾ ಗಾಡಿಯ ಬಡಕಲು ಕುದುರೆಯೊಂದರ ಮುಂದೆ ನಿಂತು, ಅದು ಯಾವಾಗ ಬಾಯಿ ಬಿಡುತ್ತದೋ ಎಂದು ಕಾದೆ. ಅದು ಆಕಳಿಸಿತು. ಆ ವರ್ಷ ನಾನು ಆಕಳಿಕೆಯನ್ನೇ ಜೋರಾಗಿ ಮಾಡಿದೆ. ಆದರೂ ಬಾಗಿಲು ತೆರೆಯಿತು, ತಣ್ಣನೆಯ ನೀರು ಕಾಲ ಮೇಲೆ ಬಿತ್ತು, ಆಜಿ ನನ್ನ ಕೂದಲಲ್ಲಿ ಬೆರಳಾಡಿಸಿ ಜೂಲು ಸರಿ ಮಾಡಿದಳು. ಹುರುಳಿಯ ಹಸಿ ವಾಸನೆ, ಮೂಗಿಗೆ ಮೆತ್ತಿದ ಬೆಲ್ಲ, ಹಿಂದೆ ಎಲ್ಲರೂ ಕೈಮುಗಿದು ನಿಂತದ್ದು, ನಾಲ್ಕು ಕಾಲಲ್ಲಿ ನಿಂತವನಿಗೆ ಕಾಣುತ್ತಿದ್ದದ್ದು ಬರೀ ಅವರ ಪಾದಗಳು. ಆಮೇಲೆ ನಾನು ಶಬ್ದಗಳ ಬೆನ್ನು ಬಿದ್ದೆ. ಮೇಷ್ಟ್ರ ಕೆಮ್ಮು, ಕಂಡಕ್ಟರನ ಸೀಟಿ, ಪೂಜಾರಪ್ಪನ ಮೂಗಿನ ಮಂತ್ರ. ಮೀಸೆ ಮೂಡಿ ದನಿ ಒಡೆದ ವರ್ಷ ನನ್ನ ಕೆನೆತ ಎರಡು ತುಂಡಾಗಿ ಬಿತ್ತು. ಒಳಗಿನಿಂದ ಆಜಿ “ಈ ಸಲ ಕುದುರೆಗೆ ನೆಗಡಿ” ಎಂದೇ ಬಾಗಿಲು ತೆಗೆದಳು. ನನ್ನ ನಂತರ ಮನೆಯಲ್ಲಿ ಗಂಡು ಹುಟ್ಟಲಿಲ್ಲ. ಹಾಗಾಗಿ ಇಪ್ಪತ್ತಾರು ತುಂಬಿದರೂ ನಾನೇ ಮರಿಕುದುರೆ.

ಹೊಟ್ಟೆಪಾಡಿಗೆ ಒಂದು ಕಂಪನಿಯ ಟ್ರಾನ್ಸ್‌ಪೋರ್ಟ್ ಡೆಸ್ಕಿನಲ್ಲಿದ್ದೇನೆ. ಅಂದರೆ ನೌಕರರನ್ನು ಮನೆಗೆ ಮುಟ್ಟಿಸುವ ಕ್ಯಾಬುಗಳ ಡ್ರೈವರ್‌ಗಳ ಜೊತೆ ದಿನವಿಡೀ ಫೋನಿನಲ್ಲಿ ಮಾತು. ಅಲ್ಲಿ ನನ್ನ ವಿದ್ಯೆ ಬಲು ಉಪಯೋಗಕ್ಕೆ ಬರುತ್ತದೆ. ಹೊಸೂರಿನ ಡ್ರೈವರ್ ಸಿಕ್ಕರೆ “ಎನ್ನ ಅಣ್ಣಾ” ಎಂದು ಶುರು ಮಾಡುತ್ತೇನೆ. ಕೋಲಾರದವನಿಗೆ ತೆಲುಗು ಬೆರೆಸುತ್ತೇನೆ. ಮಂಡ್ಯದವನಿಗೆ ಮಂಡ್ಯದವನು. ಎಲ್ಲರೂ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ, “ಸಾರ್, ನಿಮ್ದು ಯಾವೂರು?” ನಾನು ಅವರ ಊರಿನ ಪಕ್ಕದ ಊರು ಹೇಳುತ್ತೇನೆ. ಕೆಲಸ ಸಲೀಸಾಗುತ್ತದೆ. ಕೋಲಾರದ ಒಬ್ಬ ತನ್ನ ತಂಗಿಯ ಮದುವೆಗೆ “ನಮ್ ಕಡೆ ಹುಡ್ಗ” ಎಂದು ಕರೆದೊಯ್ದು ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿದ್ದ. ಪಕ್ಕದಲ್ಲಿ ಕುಳಿತ ಮುದುಕರೊಬ್ಬರು ನನ್ನ ತಾತನ ಹೆಸರು ಕೇಳಿದಾಗ ಬಾಯಿ ತುಂಬ ಪಾಯಸ ತುಂಬಿಕೊಂಡೆ.

ಆಫೀಸಿನ ಪಾರ್ಟಿಗಳಲ್ಲಿ ಮ್ಯಾನೇಜರಿನಿಂದ ಹಿಡಿದು ಸೆಕ್ಯುರಿಟಿಯವರವರೆಗೆ ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಒಂದು ಸಲ ಯಾರೋ, ಈಗ ಇವನನ್ನ ಯಾರಾದ್ರೂ ಮಾಡಿ ತೋರಿಸ್ರಪ್ಪಾ ಎಂದರು. ಪಕ್ಕದ ಸೀಟಿನ ಕಿರಣ ಎದ್ದು ನಿಂತ. ಬಾಯಿ ತೆರೆದ, ಮುಚ್ಚಿದ, ತಲೆ ಕೆರೆದುಕೊಂಡ. “ಆಗಲ್ಲ ಮಗಾ. ಹಿಡ್ಕೊಳ್ಳಾಕೆ ಏನೂ ಸಿಗ್ತಿಲ್ಲ ನಿನ್ನಲ್ಲಿ” ಎಂದು ಕೂತ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು; ಆ ನಗೆಯೂ ಮ್ಯಾನೇಜರದ್ದು.

ಪುಣೆಯಿಂದ ಸಾಯಲಿ ಎಂಬ ಹುಡುಗಿ ಕೆಲಸಕ್ಕೆ ಸೇರಿದಾಗ ನನಗೆ ಹಿಗ್ಗು. ಕಡೆಗೂ ನಮ್ಮವರು! ಕ್ಯಾಂಟೀನಿನಲ್ಲಿ ಎದುರು ಕುಳಿತು ನಮ್ಮ ಮನೆಯ ಮಾತಿನಲ್ಲಿ ಒಂದೇ ಉಸಿರಿಗೆ ಊಟ, ಊರು, ಕುಶಲ ವಿಚಾರಿಸಿದೆ. ಅವಳು ಚಮಚ ಕೆಳಗಿಟ್ಟು ಗಮನವಿಟ್ಟು ಕೇಳಿದಳು. ಪಾಪ, ಒಳ್ಳೆಯ ಹುಡುಗಿ. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ, ತಾನು ಬಂದು ಒಂದೇ ವಾರ, ಕನ್ನಡ ಇನ್ನೂ ಅರ್ಥವಾಗುವುದಿಲ್ಲ ಎಂದಳು.

ಆ ಮಾತನ್ನು ಆಡಲು ಲೋಕದಲ್ಲಿ ನನಗಿದ್ದವಳು ಆಜಿ ಒಬ್ಬಳೇ ಎಂದು ಅವತ್ತು ಹೊಳೆಯಿತು. ಅಮ್ಮ ಆನೇಕಲ್ ಕಡೆಯ ಒಕ್ಕಲುಮನೆಯ ಮಗಳು; ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಭಾಷೆಯನ್ನು ಬೈಯಲಿಕ್ಕೆ ಮಾತ್ರ ಬಳಸುತ್ತಾಳೆ. ಅಪ್ಪನಿಗೆ ಅರ್ಥವಾಗುತ್ತದೆ, ಉತ್ತರ ಕನ್ನಡದಲ್ಲಿ ಬರುತ್ತದೆ. ಇನ್ನೊಂದು ವಿಚಿತ್ರ ಹೇಳುತ್ತೇನೆ. ಊರನ್ನೆಲ್ಲ ಅನುಕರಿಸುವ ನನಗೆ ಆಜಿಯ ದನಿ ಬರುತ್ತಿರಲಿಲ್ಲ. ಅವಳ ಮುಂದೆಯೇ ಪ್ರಯತ್ನಿಸಿದ್ದೇನೆ. “ಇದು ನಾನಲ್ಲ, ಯಾವ್ದೋ ಆಡು” ಎಂದಿದ್ದಳು.

ಹೋದ ಬೇಸಿಗೆಯಲ್ಲಿ ಆಜಿ ಹೋದಳು. ಮಧ್ಯಾಹ್ನದ ಊಟ ಮಾಡಿ, ಗೋಡೆಗೊರಗಿ ಕೂತು, ಹಾಗೆಯೇ. ಅಪ್ಪ ಮನೆಗೆ ಹೊಸ ಟೈಲ್ಸ್ ಹಾಕಿಸಿದರು, ಮುಂಬಾಗಿಲು ಬದಲಿಸಿದರು. ದುಃಖವಾದಾಗ ಕೆಲವರು ಕುಡಿಯುತ್ತಾರೆ, ನಮ್ಮಪ್ಪ ರಿಪೇರಿ ಮಾಡಿಸುತ್ತಾರೆ. ದಸರಾ ಹೊತ್ತಿಗೆ ತುಮಕೂರಿನಲ್ಲಿ ಅಕ್ಕನಿಗೆ ಹೆರಿಗೆಯಾಗಿ ಅಪ್ಪ ಅಮ್ಮ ಅಲ್ಲಿಗೆ ಹೋದರು. ಆಯುಧಪೂಜೆಯ ದಿನ ಮನೆಯಲ್ಲಿ ನಾನೊಬ್ಬನೇ.

ಬೆಳಗ್ಗೆ ಎದ್ದು ಹುರುಳಿ ನೆನೆಹಾಕಿದೆ. ಆಫೀಸಿಗೆ ಹೋಗಿ ಕ್ಯಾಬುಗಳಿಗೆ ಹೂವಿನ ಹಾರ ಹಾಕಿಸಿ, ಪುರಿ ಹಂಚಿ, ಮಧ್ಯಾಹ್ನ ಬಂದು ಕಾಕಾನಿಗೆ ಫೋನ್ ಮಾಡಿದೆ.

“ಕಾಕಾ, ಸಂಜೆ ಕುದುರೆ ಪಾಲು ಇಡಬೇಕು. ಕಾಕಿನ ಕರ್ಕೊಂಡ್ ಬರ್ತೀಯಾ? ಒಳಗಿಂದ ಬಾಗಿಲು ತೆಗಿಯಕ್ಕೆ ಒಬ್ರು ಬೇಕು.”

“ಲೋ, ಅಮ್ಮ ಹೋಗಿ ವರ್ಷ ತುಂಬಿಲ್ಲ ಕಣೋ. ಹಬ್ಬ ಮಾಡಂಗಿಲ್ಲ.”

“ಇದು ಹಬ್ಬ ಅಲ್ಲ ಕಾಕಾ, ಮೇವು. ಹಸಿವಿಗೆ ಸೂತಕ ಇರುತ್ತಾ?”

“ಯಾವ್ ಕುದುರೆಗೋ ಮೇವು?”

“ನಿನ್ ಕಾರಿನ್ ಹಿಂದೆ ಒಂದೈತಲ್ಲ, ಅದಕ್ಕೆ.”

ಫೋನ್ ಕಟ್ಟಾಯಿತು. ಅಮ್ಮನಿಗೆ ಮಾಡಿದೆ. ಹಿಂದೆ ಮಗು ಅಳುತ್ತಿತ್ತು. ಹೆಣ್ಣುಮಗು, ದನಿ ಚೆನ್ನಾಗಿದೆ, ಕುದುರೆಗೆ ಹೇಳಿ ಮಾಡಿಸಿದ ದನಿ. “ಈ ವರ್ಷ ಬಿಡಪ್ಪಾ” ಎಂದಳು ಅಮ್ಮ. “ಮುಂದಿನ್ ವರ್ಷ ಎಲ್ರೂ ಇದ್ದಾಗ ಮಾಡಣ. ಕುದುರೆ ಎಲ್ಲೂ ಹೋಗಲ್ಲ.”

ನಿಜ. ಅದು ಎಲ್ಲಿಗೂ ಹೋಗುವುದಿಲ್ಲ, ಬರುವುದೂ ಇಲ್ಲ. ನಾನು ಓದಿದವನು, ನನಗೆ ಅದು ಗೊತ್ತು. ಆದರೆ ಸಂಜೆಯಾಗುತ್ತ ಬಂದಂತೆ ಎದೆಯೊಳಗೆ ಒಂದು ಮೂರ್ಖ ಆತಂಕ. ಇಷ್ಟು ತಲೆಮಾರು ಕಾದು, ಸರಿಯಾಗಿ ಇದೇ ವರ್ಷ ದಂಡು ಬಂದುಬಿಟ್ಟರೆ? ಮೇಲ್ಸೇತುವೆ ಇಳಿದು, ಟೋಲ್ ದಾಟಿ, ಧೂಳೆಬ್ಬಿಸುತ್ತ ನಮ್ಮ ಬೀದಿಗೆ ಬಂದು, ಕಿವಿಗೊಟ್ಟು ನಿಂತು, ಏನೂ ಕೇಳಿಸದೆ ಹೊರಟುಹೋದರೆ?

ಕಟ್ಟಡವೆಲ್ಲ ಖಾಲಿ ಹೊಡೆಯುತ್ತಿತ್ತು. ಸಾಲುರಜೆ ಸಿಕ್ಕಿ ಮೇಲಿನ ಹುಡುಗರೆಲ್ಲ ಊರು ಸೇರಿದ್ದರು. ದಿನವೂ ನಾನು ಬೈದುಕೊಳ್ಳುವ ಅವರ ಹಾಡು, ಕುಣಿತ, ನೀರಿನ ಮೋಟರ್ ಒಂದೂ ಇಲ್ಲ. ಬೀದಿಯ ತುಂಬ ಒಡೆದ ಕುಂಬಳಕಾಯಿಯ ಕೆಂಪು. ಹುರುಳಿಗೆ ಬೆಲ್ಲ ಬೆರೆಸಿ ತಟ್ಟೆಯನ್ನು ಹೊಸ್ತಿಲೊಳಗೆ ಇಟ್ಟೆ. ಹೊರಗೆ ಬಂದೆ. ಪದ್ಧತಿಯಂತೆ ಬಾಗಿಲು ಎಳೆದುಕೊಂಡೆ.

ಟಕ್ ಎಂದಿತು.

ಅಪ್ಪ ಹಾಕಿಸಿದ ಹೊಸ ಬಾಗಿಲು. ಎಳೆದರೆ ತಾನೇ ಬೀಗ ಬೀಳುವಂಥದ್ದು. ಕೀಲಿ ಒಳಗೆ, ಫೋನು ಒಳಗೆ, ಹುರುಳಿ ಒಳಗೆ. ಹೊರಗೆ ಪಂಚೆ ಉಟ್ಟ ಕುದುರೆ. ಅಷ್ಟು ತಲೆಮಾರಿನಲ್ಲಿ ಯಾವ ಕುದುರೆಗೂ ಆಗದ ಗತಿ. ಆಗುವುದಾದರೂ ಹೇಗೆ? ಪ್ರತಿ ವರ್ಷವೂ ಒಳಗೊಬ್ಬಳು ಇರುತ್ತಿದ್ದಳಲ್ಲ.

ನಗು ಬಂತು. ನಗುತ್ತಲೇ ಮೆಟ್ಟಿಲ ಮೇಲೆ ಕೂತೆ. ಕೂತವನಿಗೆ ನಗು ಮುಂದುವರಿಯಲಿಲ್ಲ. ಹೇಗೂ ಹೊರಗೆ ಬಿದ್ದಾಗಿದೆ, ಬಂದ ಕೆಲಸವನ್ನಾದರೂ ಮುಗಿಸೋಣ ಎಂದು ಎದ್ದು ನಿಂತು, ಬಾಗಿಲಿಗೆ ಮುಖ ಮಾಡಿ ಕೆನೆದೆ. ಚೆನ್ನಾಗಿ ಬಂತು. ಬಹುಶಃ ನನ್ನ ಜೀವಮಾನದ ಅತ್ಯುತ್ತಮ ಕೆನೆತ. ಖಾಲಿ ಮಹಡಿಗಳಿಗೆ ಬಡಿದು ತಿರುಗಿ ಬಂತು. ಒಳಗಿನಿಂದ ಏನೂ ಇಲ್ಲ. ಫ್ರಿಡ್ಜಿನ ಗುಂಯ್ ಮಾತ್ರ. ಮತ್ತೆ ಕೆನೆದೆ. ಈ ಸಲ ಅದು ಪದ್ಧತಿಗಾಗಿ ಮಾಡಿದ್ದಲ್ಲ.

“ಯಪ್ಪಾ! ಯಾರ್ರೀ ಅದು, ಕುದುರಿ ಹೊಕ್ಕತೇನು?”

ಹಿತ್ತಿಲ ಕಡೆಯಿಂದ ಬ್ಯಾಟರಿ ಬಿಡುತ್ತ ಬಂದವನು ಮಾನಪ್ಪ. ಯಾದಗಿರಿ ಕಡೆಯವನು, ಟೈಲ್ಸ್ ಕೆಲಸದವನು, ಶೀಟಿನ ರೂಮಿನಲ್ಲಿ ಎರಡು ವರ್ಷದಿಂದ ಇದ್ದಾನೆ. ನಮ್ಮ ಮನೆಗೆ ನೆಲ ಹಾಸಿದವನೂ ಅವನೇ.

“ನಾನೇ ಮಾನಪ್ಪ.”

“ನೀವಾ? ಹೋದ ವರ್ಸಾನೂ ಕೇಳಿದ್ದೆ ಬಿಡ್ರಿ. ಆಯಿ ಇದ್ದಾಗ.” ಬ್ಯಾಟರಿಯನ್ನು ಬಾಗಿಲಿಗೆ ಬಿಟ್ಟ. “ಒಳಗ ಯಾರದಾರ?”

“ಯಾರೂ ಇಲ್ಲ.”

“ಮತ್ತ ಯಾರಿಗ್ ಒದರಕತ್ತೀರಿ?”

ಮಂಡ್ಯ, ಕೋಲಾರ, ಹೊಸೂರು ಯಾವ ಊರಿನ ದನಿಯನ್ನೂ ತೆಗೆಯದೆ ಬಾಗಿಲು ಹಾಕಿಕೊಂಡ ಕತೆ ಹೇಳಿದೆ. ಅದರ ಹಿಂದೆ ದಂಡಿನ ಕತೆಯೂ ಬಂತು. ಮಾನಪ್ಪ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದ.

“ಇಲ್ಲೇ ಇರು, ಬರ್ತೀವಿ ಅಂತ ಹೇಳಿ ಹ್ವಾದ್ರಾ?”

“ಹೂಂ.”

“ನಮ್ಮ ಮೇಸ್ತ್ರಿನೂ ಹಂಗ ಹೇಳೇ ಊರಿಗ್ ಹೋಗ್ಯಾನ್ರಿ. ಮಾರತ್ತಹಳ್ಳಿ ಕೆಲಸ ಅರ್ಧಾ ಬಿಟ್ಟು. ‘ಮಾನ್ಯಾ, ಸಾಮಾನಾ ನೋಡ್ಕೊಂಡು ಇಲ್ಲೇ ಇರಲೇ’ ಅಂದ. ಹಬ್ಬಕ್ಕ ಊರಿಗ್ ಹೋಗ್ಲಿಕ್ಕಾಗ್ಲಿಲ್ಲ ನೋಡ್ರಿ.” ಗಡ್ಡ ಕೆರೆದುಕೊಂಡ. “ಮುನ್ನೂರು ವರ್ಸ ಅಂದ್ರ ಭಾಳ ಆತು. ನಮ್ಮಾಕಿ ಒಪ್ಪಾಂಗಿಲ್ಲ.”

ಇಬ್ಬರೂ ನಕ್ಕೆವು. ಅವನು ಎದ್ದು ಪಂಚೆ ಝಾಡಿಸಿದ. “ಬರ್ರಿ, ಹಿಂದಿನ ಬಾಗಿಲದ ಸೊಳ್ಳಿ ಜಾಳಗಿ ಹರದೈತಿ. ಕೈ ಹಾಕಿದ್ರ ಚಿಲಕ ಸಿಗ್ತದ.”

ನನಗೂ ಅದು ಗೊತ್ತಿತ್ತು. ಮನೆಯವನಿಗೆ ಗೊತ್ತಿರದೆ ಇರುತ್ತದೆಯೇ? “ನೀನು ಹೋಗಿ ಒಳಗಿಂದ ತೆಗಿ ಮಾನಪ್ಪ. ನಾನು ಇಲ್ಲೇ ನಿಂತಿರ್ತೀನಿ” ಎಂದೆ. ಅವನು ಬ್ಯಾಟರಿ ಹಿಡಿದು ಹಿತ್ತಿಲಿಗೆ ಹೋದ.

ಒಳಗೆ ದೀಪ ಹತ್ತಿತು. ಬರಿಗಾಲ ಸದ್ದು ಹತ್ತಿರ ಬಂತು. ಹೊಸ ಬೀಗದ ಜೊತೆ ಅವನ ಗುದ್ದಾಟ. ನಾನು ಬಾಗಿಲಿಗೆ ತೀರ ಹತ್ತಿರ ನಿಂತು, ಸಣ್ಣಗೆ, ಯಾರಿಗೂ ಕೇಳದಷ್ಟು ಸಣ್ಣಗೆ ಕೆನೆದೆ. ಬಾಗಿಲು ತೆರೆಯಿತು.

“ಬರ್ರಿ ಒಳಗ. ಕಾಲ ತೊಳಕೊಂಡು ಬರ್ರಿ ಮತ್ತ, ನಾ ಹಾಕಿದ ನೆಲಾ ಅದು.”

ಕಾಲು ತೊಳೆದುಕೊಂಡು ಒಳಗೆ ಹೋದೆ. ಹೊಸ್ತಿಲ ಹತ್ತಿರವೇ ಕೂತು ಇಬ್ಬರೂ ಹುರುಳಿ ತಿಂದೆವು. ಕೈಯಿಂದಲೇ. ಬೆಳೆದ ಗಂಡಸೊಬ್ಬನ ಮುಂದೆ ತಟ್ಟೆಗೆ ಬಾಯಿ ಹಾಕಲು ನಾಚಿಕೆಯಾಯಿತು. ಅವನು ಅಗಿಯುತ್ತ, ತಾನು ಹಾಸಿದ ಟೈಲ್ಸಿನ ಸಂದನ್ನು ಹೆಬ್ಬೆರಳಿನಿಂದ ಸವರುತ್ತ ಕೇಳಿದ, “ಖರೇ ಹೇಳ್ರಿ ಸಾರ್. ಆ ದಂಡು ಬಂತಂದ್ರ, ನೀವು ಅವರ ಜೋಡಿ ಹೋಗ್ತೀರೇನು?”

“ಎಲ್ಲಿಗೆ?”

“ನಿಮ್ಮೂರಿಗ್ರೀ. ನಿಮ್ಮೂರು ಯಾವುದು?”

ಯಾದಗಿರಿಯ ಪಕ್ಕದ ಊರೊಂದರ ಹೆಸರು, ರೂಢಿಯಂತೆ, ನಾಲಿಗೆಯ ತುದಿಗೆ ಬಂದಿತ್ತು. ಹುರುಳಿಯ ಜೊತೆ ನುಂಗಿದೆ.

“ಇದೇ” ಎಂದೆ.

“ಮತ್ತ್ಯಾಕ ಕರೀತೀರಿ ಅವರನ್ನ?” ಎಂದು ನಕ್ಕು, ಊರಿಗೆ ಫೋನ್ ಮಾಡಬೇಕು, ಮಕ್ಕಳು ಮಲಗಿಬಿಡುತ್ತವೆ ಎಂದು ಎದ್ದ. ಬಾಗಿಲು ಎಳೆದುಕೊಂಡು ಹೋದ. ಟಕ್.

ನಾನು ಒಳಗೆ ನಿಂತಿದ್ದೆ. ಅಷ್ಟು ವರ್ಷದಲ್ಲಿ ಆ ಸಂಜೆ ಬಾಗಿಲಿನ ಈ ಕಡೆ ನಿಂತದ್ದು ಅದೇ ಮೊದಲು. ಇಲ್ಲಿಂದ ಬೀದಿ ಕಾಣುವುದಿಲ್ಲ, ಯಾರ ಪಾದವೂ ಕಾಣುವುದಿಲ್ಲ, ಬರೀ ಮರದ ಹಲಗೆ. ಇದರ ಎದುರು ಆಜಿ ಕಿವಿಗೊಟ್ಟು ಕಾಯುತ್ತಿದ್ದಳು.

ಅಷ್ಟರಲ್ಲಿ ಹೊರಗಿನಿಂದ ಒಂದು ಕೆನೆತ ಕೇಳಿತು. ಅನುಮಾನವೇ ಇಲ್ಲ, ಮಾನಪ್ಪನ ಕೀಟಲೆ. ನನ್ನಂಥ ವೃತ್ತಿಪರನಿಗೆ ಕೇಳಲಾಗದ ಕೆಟ್ಟ ಕೆನೆತ; ಅರ್ಧ ಕತ್ತೆ, ಅರ್ಧ ಕೆಮ್ಮು.

“ಆಲಾಸ್ ಕಾ?”

ಬಾಯಿಂದ ತಾನಾಗಿ ಬಂದಿತ್ತು. ಆಜಿಯ ದನಿಯಲ್ಲ ಅದು. ಮ್ಯಾನೇಜರದ್ದಲ್ಲ, ಡ್ರೈವರ್‌ಗಳದ್ದಲ್ಲ, ಯಾರದ್ದೆಂದು ನನಗೆ ಗುರುತು ಹತ್ತಲಿಲ್ಲ. ಸ್ವಲ್ಪ ಒಡಕು, ಸ್ವಲ್ಪ ನಡುಕ. ಚೊಂಬಿನಲ್ಲಿ ನೀರು ಹಿಡಿದುಕೊಂಡು ಬಂದು ಬಾಗಿಲು ತೆಗೆದೆ.

ಅಂಗಳದಲ್ಲಿ ಯಾರೂ ಇರಲಿಲ್ಲ. ಹಿತ್ತಿಲ ಕಡೆಯಿಂದ ಮಾನಪ್ಪ ಫೋನಿನಲ್ಲಿ ಯಾರಿಗೋ “ಉಂಡ್ಯಾ?” ಎಂದು ಕೇಳುತ್ತಿದ್ದದ್ದು ಕೇಳಿಸಿತು. ಕಾಲಿಗೆಂದು ತಂದ ನೀರನ್ನು ಮೆಟ್ಟಿಲಿಗೆ ಹುಯ್ದೆ.